ಮನೆಗಳ್ಳರು ಕಾರಿನ ಕೀ ಒಯ್ದಾಗ ವಾಹನವನ್ನು ಉಳಿಸಿಕೊಳ್ಳುವುದು ಹೇಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯ ಬೀಗ ಒಡೆದು ನಡೆಯುವ ಕಳವಿನಲ್ಲಿ ಒಡವೆ, ನಗದಿನ ಜೊತೆಗೆ ಕಾರಿನ ಕೀಯೂ ಹೋಗಿದ್ದರೆ, ಅಂಗಳದಲ್ಲಿ ನಿಂತಿರುವ ಕಾರು ಆ ಹೊತ್ತಿನಿಂದ ಬೀಗವಿಲ್ಲದ ಕಾರೇ ಸರಿ. ಹಾಸನ ನಗರದ ಬಡಾವಣೆಗಳಲ್ಲಿ, ಸಕಲೇಶಪುರ, ಬೇಲೂರು, ಆಲೂರು ಕಡೆಯ ತೋಟದ ಮನೆಗಳಲ್ಲಿ ವಾಸಿಸುವವರು ಇಂಥ ಸಂದರ್ಭದಲ್ಲಿ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳನ್ನೂ ಅವುಗಳ ಉತ್ತರಗಳನ್ನೂ ಇಲ್ಲಿ ಕೊಡಲಾಗಿದೆ. ಚಿಕ್ಕಮಗಳೂರು ಜಿಲ್ಲೆಯವರಿಗೂ ಇವು ಹಾಗೆಯೇ ಅನ್ವಯಿಸುತ್ತವೆ.

ಬೆಳಿಗ್ಗೆ ನೋಡಿದರೆ ಮನೆ ಕಳವಾಗಿದೆ, ಕೀ ಬಂಚ್ ಇಲ್ಲ, ಆದರೆ ಕಾರು ಪೋರ್ಟಿಕೋದಲ್ಲೇ ಇದೆ. ಮೊದಲು ಏನು ಮಾಡಬೇಕು?

ಮನೆಯೊಳಗೆ ಇನ್ನೂ ಯಾರಾದರೂ ಇರಬಹುದೆಂಬ ಅನುಮಾನವಿದ್ದರೆ ಒಳಗೆ ಹೋಗದೆ, ಹೊರಗೇ ನಿಂತು 112ಕ್ಕೆ ಕರೆ ಮಾಡಬೇಕು. ಅಂಥ ಅನುಮಾನವಿಲ್ಲದಿದ್ದರೂ ಚೆಲ್ಲಾಪಿಲ್ಲಿಯಾದ ಬೀರು, ಮುರಿದ ಚಿಲಕ, ಕಿಟಕಿಯ ಸರಳು ಇವುಗಳನ್ನು ಮುಟ್ಟಬಾರದು. ಬೆರಳಚ್ಚು ತಜ್ಞರೂ ಶ್ವಾನದಳದವರೂ ಬಂದು ನೋಡುವವರೆಗೆ ಇದ್ದದ್ದು ಇದ್ದಂತೆಯೇ ಇರಬೇಕು.

ಕಾರಿಗೂ ಇದೇ ಮಾತು ಅನ್ವಯಿಸುತ್ತದೆ ಎಂಬುದು ಬಹಳ ಜನರಿಗೆ ಹೊಳೆಯುವುದಿಲ್ಲ. ಕೀ ಸಿಕ್ಕ ಕಳ್ಳ ಕಾರಿನ ಬಾಗಿಲು ತೆಗೆದು, ಡ್ಯಾಶ್‌ಬೋರ್ಡಿನ ಪೆಟ್ಟಿಗೆ ಜಾಲಾಡಿ, ಆಮೇಲೆ ಯಾವುದೋ ಕಾರಣಕ್ಕೆ ಕಾರನ್ನು ಬಿಟ್ಟುಹೋಗಿರಬಹುದು. ಆದ್ದರಿಂದ ಬಾಗಿಲ ಹಿಡಿ, ಸ್ಟೇರಿಂಗ್, ಗೇರ್ ಇವುಗಳ ಮೇಲೆ ನಿಮ್ಮ ಕೈ ಆಡಿಸುವ ಮೊದಲು ಪೊಲೀಸರಿಗೆ ತೋರಿಸುವುದು ಒಳ್ಳೆಯದು. ಅಲ್ಲಿಯವರೆಗೆ ಕಾರನ್ನು ಮುಟ್ಟದೆಯೇ ಕಾಯುವ ಉಪಾಯವೊಂದಿದೆ: ನಿಮ್ಮದೋ ಪಕ್ಕದ ಮನೆಯವರದೋ ಇನ್ನೊಂದು ವಾಹನವನ್ನು ಗೇಟಿಗೆ ಅಡ್ಡವಾಗಿ, ಕಾರು ಹೊರಬರಲಾಗದಷ್ಟು ಹತ್ತಿರಕ್ಕೆ ನಿಲ್ಲಿಸಿ. ವಿದ್ಯಾನಗರ, ಕುವೆಂಪುನಗರದಂಥ ಬಡಾವಣೆಗಳಲ್ಲಿ ಕಾರು ಹೊರಬರಲು ಗೇಟೊಂದೇ ದಾರಿಯಾಗಿರುವುದರಿಂದ ಅಷ್ಟರಿಂದಲೇ ಅರ್ಧ ಚಿಂತೆ ಕಳೆಯುತ್ತದೆ.

ಕಾರು ಬೇಕಾಗಿದ್ದರೆ ಆ ರಾತ್ರಿಯೇ ಒಯ್ಯುತ್ತಿದ್ದರಲ್ಲವೇ? ಬಿಟ್ಟುಹೋದವರು ಮತ್ತೆ ಬರುತ್ತಾರೆಯೇ?

ಬರುವುದಿಲ್ಲವೆಂದು ನಂಬಿ ಕೂರುವುದಕ್ಕೆ ಆಧಾರವೇನೂ ಇಲ್ಲ. ಮನೆಗೆ ನುಗ್ಗಿದವನಿಗೆ ಆ ಹೊತ್ತಿನಲ್ಲಿ ಬೇಕಾದದ್ದು ಸದ್ದಿಲ್ಲದೆ ಸಾಗಿಸಬಹುದಾದ ಚಿನ್ನ ಮತ್ತು ನಗದು. ನಡುರಾತ್ರಿ ಕಾರು ಸ್ಟಾರ್ಟ್ ಮಾಡಿದರೆ ಬೀದಿಯೆಲ್ಲ ಎಚ್ಚರಗೊಳ್ಳುತ್ತದೆ, ನಾಯಿಗಳು ಬೊಗಳುತ್ತವೆ. ಗಲಾಟೆ ತಣ್ಣಗಾಗಿ, ಮಹಜರು ಮುಗಿದು, ಮನೆಯವರು ಕೆಲಸಕ್ಕೆ ಹೋಗಲು ಆರಂಭಿಸಿದ ಮೇಲೆ ಹಗಲು ಹೊತ್ತಿನಲ್ಲೇ ಬಂದು, ತನ್ನದೇ ಕಾರೆಂಬಂತೆ ಬಾಗಿಲು ತೆಗೆದು ಓಡಿಸಿಕೊಂಡು ಹೋಗುವುದು ಅವನಿಗೆ ಸುಲಭ. ಮನೆ ಯಾವುದು, ಗೇಟು ಹೇಗಿದೆ, ಕಾರು ಎಲ್ಲಿ ನಿಲ್ಲುತ್ತದೆ ಎಂಬುದೆಲ್ಲ ಅವನಿಗೆ ಈಗಾಗಲೇ ಗೊತ್ತು.

ತೋಟದ ಮನೆಗಳಲ್ಲಿ ಇದರ ಜೊತೆಗೆ ಕೊಯ್ಲಿನ ಕಾಲದ ಆತಂಕವೂ ಸೇರಿಕೊಳ್ಳುತ್ತದೆ. ನವೆಂಬರಿನಿಂದ ಫೆಬ್ರವರಿಯವರೆಗೆ ಅರೇಬಿಕಾ, ರೊಬಸ್ಟಾ ಒಂದರ ಹಿಂದೊಂದು ಕಣಕ್ಕೆ ಬರುವ ದಿನಗಳಲ್ಲಿ ಪಿಕಪ್‌ನ ಕೀ ಕಳ್ಳನ ಕೈಯಲ್ಲಿದ್ದರೆ, ವಾಹನದ ಜೊತೆಗೆ ಅದರಲ್ಲಿ ತುಂಬಿಟ್ಟ ಕಾಫಿ ಮೂಟೆಗಳೂ ಹೋಗಬಹುದು. ಹೊಸ ಕೀ ಆಗುವ ತನಕ ಪಿಕಪ್‌ನಲ್ಲಿ ರಾತ್ರಿ ಲೋಡು ಬಿಡಬಾರದು.

ಪೊಲೀಸ್ ದೂರಿನಲ್ಲಿ ಒಡವೆಯ ಪಟ್ಟಿ ಕೊಟ್ಟಿದ್ದೇವೆ. ಕೀ ವಿಷಯವನ್ನೂ ಬರೆಸಲೇಬೇಕೆ?

ಬರೆಸಲೇಬೇಕು. ಒಂದು ವೇಳೆ ಇಡೀ ಪುಟದಲ್ಲಿ ಒಂದೇ ಒಂದು ಉತ್ತರವನ್ನು ಓದುವಷ್ಟು ಮಾತ್ರ ಸಮಯವಿದ್ದರೆ ಇದನ್ನೇ ಓದಿ. ಗಾಬರಿಯಲ್ಲಿ ದೂರು ಬರೆಯುವಾಗ ಮಾಂಗಲ್ಯ ಸರ ಎಷ್ಟು ಗ್ರಾಂ, ಬಳೆ ಎಷ್ಟು ಜೊತೆ ಎಂಬುದೆಲ್ಲ ನೆನಪಾಗುತ್ತದೆ. ಗೋಡೆಯ ಮೊಳೆಗೆ ತೂಗುಹಾಕಿದ್ದ ಕೀ ನೆನಪಾಗುವುದಿಲ್ಲ. ಮುಂದೆ ವಿಮೆ ಕಂಪನಿ, ಸರ್ವಿಸ್ ಸೆಂಟರ್, ಆರ್‌ಟಿಒ ಇವರೆಲ್ಲರೂ ಕೇಳುವುದು ಆ ಒಂದು ಸಾಲನ್ನು.

ದೂರಿನಲ್ಲಿ ಹೀಗೆ ಬರೆಯಬಹುದು: ‘ಸದರಿ ಒಡವೆ ಮತ್ತು ನಗದಿನ ಜೊತೆಗೆ, ನನ್ನ ಹೆಸರಿನಲ್ಲಿ ನೋಂದಣಿಯಾಗಿರುವ ಕೆಎ-13 ಸರಣಿಯ ಇಂತಿಂಥ ಸಂಖ್ಯೆಯ ಬಿಳಿ ಬಣ್ಣದ ಕಾರಿನ ಎರಡು ಅಸಲಿ ಕೀಗಳ ಪೈಕಿ ಒಂದನ್ನೂ ಕಳವು ಮಾಡಿಕೊಂಡು ಹೋಗಿರುತ್ತಾರೆ. ಕಾರು ಮನೆಯ ಮುಂದೆಯೇ ಇರುತ್ತದೆ. ಸದರಿ ಕೀಯನ್ನು ಬಳಸಿ ವಾಹನವನ್ನು ಕಳವು ಮಾಡುವ ಸಂಭವವಿರುತ್ತದೆ.’ ನೋಂದಣಿ ಸಂಖ್ಯೆ, ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆ ಮೂರನ್ನೂ ಆರ್‌ಸಿ ನೋಡಿಕೊಂಡೇ ಬರೆಯಿರಿ. ಸಕಲೇಶಪುರದ ವಾಹನವಾದರೆ ಕೆಎ-46, ಚಿಕ್ಕಮಗಳೂರಿನದಾದರೆ ಕೆಎ-18 ಎಂದಿರುತ್ತದೆ. ಬೇರೆ ಊರಿನ ನೋಂದಣಿಯಾಗಿದ್ದರೂ ದೂರು ಕೊಡುವುದು ಕಳವು ನಡೆದ ಊರಿನ ಠಾಣೆಯಲ್ಲಿಯೇ.

ಮನೆಯಲ್ಲಿ ನಡೆದ ಕಳವಿಗೆ ಭಾರತೀಯ ನ್ಯಾಯ ಸಂಹಿತೆಯ 305ನೆಯ ಕಲಂ, ಬೀಗ ಒಡೆದು ಅತಿಕ್ರಮವಾಗಿ ನುಗ್ಗಿದ್ದಕ್ಕೆ 331ನೆಯ ಕಲಂ ಅನ್ವಯಿಸುತ್ತವೆ. 2024ರ ಜುಲೈ 1ರಿಂದ ಹಳೆಯ ಐಪಿಸಿಯ ಜಾಗದಲ್ಲಿ ಈ ಸಂಹಿತೆ ಜಾರಿಯಲ್ಲಿದೆ. ಎಫ್‌ಐಆರ್‌ನ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಂ ಹೇಳುತ್ತದೆ. ಠಾಣೆಯಲ್ಲಿ ದೂರು ದಾಖಲಿಸಲು ನಿರಾಕರಿಸಿದರೆ ಅದೇ ಕಲಮಿನ ಪ್ರಕಾರ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಯವರಿಗೆ ಅಂಚೆಯ ಮೂಲಕ ಲಿಖಿತವಾಗಿ ತಿಳಿಸಬಹುದು.

ದೂರು ಕೊಟ್ಟು ಬಂದ ಮೇಲೆ ಕೀ ಇಲ್ಲವೆಂದು ತಿಳಿಯಿತು. ಈಗೇನು ಮಾಡುವುದು?

ಅದೇ ಠಾಣೆಗೆ ಹೋಗಿ, ಮೊದಲಿನ ಅಪರಾಧ ಸಂಖ್ಯೆಯನ್ನು ನಮೂದಿಸಿ, ಪೂರಕ ಹೇಳಿಕೆ ಕೊಡಿ. ಅದರ ಪ್ರತಿಯ ಮೇಲೆ ಠಾಣೆಯ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳಿ. ತಡವಾಯಿತೆಂದು ಸುಮ್ಮನಾಗಬೇಡಿ, ಮನೆಯಲ್ಲಿ ಏನೇನು ಹೋಗಿದೆ ಎಂಬುದು ಒಂದೇ ದಿನದಲ್ಲಿ ತಿಳಿಯುವುದಿಲ್ಲ ಎಂಬುದು ಪೊಲೀಸರಿಗೂ ಗೊತ್ತಿರುವ ವಿಷಯ.

ಪೊಲೀಸ್ ಇಲಾಖೆಯ ಇ-ಲಾಸ್ಟ್ ಆ್ಯಪ್‌ನಲ್ಲಿ ವರದಿ ಮಾಡಿದರೆ ಸಾಲದೆ?

ಸಾಲದು. ಇ-ಲಾಸ್ಟ್ ಇರುವುದು ಕಳೆದುಹೋದ ವಸ್ತು ಮತ್ತು ದಾಖಲೆಗಳಿಗೆ. ಕಳುವಾದ ಕೀಯನ್ನು ಕಳೆದುಹೋಗಿದೆ ಎಂದು ಬರೆದರೆ ಅದು ಸುಳ್ಳು ಮಾಹಿತಿಯಾಗುತ್ತದೆ. ಜೊತೆಗೆ, ನಿಮ್ಮ ಅಜಾಗರೂಕತೆಯಿಂದ ಕೀ ಹೋಯಿತು ಎಂದು ವಾದಿಸಲು ವಿಮೆ ಕಂಪನಿಗೆ ನೀವೇ ಕಾಗದ ಬರೆದುಕೊಟ್ಟಂತಾಗುತ್ತದೆ.

ನಾವು ಧರ್ಮಸ್ಥಳಕ್ಕೆ ಬಂದಿದ್ದೇವೆ. ಹಾಸನದ ಮನೆ ಕಳವಾಗಿದೆಯೆಂದು ನೆರೆಯವರು ಫೋನ್ ಮಾಡಿದರು. ಊರಿಗೆ ತಲಪುವವರೆಗೆ ಕಾಯಬೇಕೆ?

ಕಾಯಬೇಕಾಗಿಲ್ಲ. ಕಳವಿನ ಮಾಹಿತಿಯನ್ನು ನೆರೆಯವರೂ ಠಾಣೆಗೆ ಕೊಡಬಹುದು. ಘಟನೆ ಯಾವ ಠಾಣೆಯ ವ್ಯಾಪ್ತಿಯಲ್ಲಿ ನಡೆದಿದ್ದರೂ ಯಾವುದೇ ಠಾಣೆಯಲ್ಲಿ ದೂರು ದಾಖಲಿಸಬಹುದಾದ ‘ಝೀರೋ ಎಫ್‌ಐಆರ್’ ವ್ಯವಸ್ಥೆಯೂ ಈಗ ಕಾನೂನಿನಲ್ಲಿದೆ. ಎಲೆಕ್ಟ್ರಾನಿಕ್ ರೂಪದಲ್ಲಿ ಮಾಹಿತಿ ಕಳುಹಿಸಿದರೆ ಮೂರು ದಿನಗಳೊಳಗೆ ಹೋಗಿ ಸಹಿ ಹಾಕಬೇಕು. ಆದರೆ ಸ್ಥಳ ಮಹಜರು ನಡೆಯುವುದು ಮನೆಯಲ್ಲೇ ಆದ್ದರಿಂದ, ಸಾಧ್ಯವಾದಷ್ಟು ಬೇಗ ಮನೆಯ ವ್ಯಾಪ್ತಿಯ ಠಾಣೆಗೆ ಸುದ್ದಿ ಮುಟ್ಟಿಸಿ ಹೊರಡುವುದೇ ವ್ಯವಹಾರದಲ್ಲಿ ಅನುಕೂಲ. ಮನೆಯಲ್ಲಿ ಇನ್ನೊಂದು ವಾಹನ ನಿಂತಿದ್ದರೆ, ಅದರ ಸ್ಪೇರ್ ಕೀ ಎಲ್ಲಿದೆ ಎಂಬುದನ್ನು ನಂಬಿಕಸ್ತ ನೆಂಟರೊಬ್ಬರಿಗೆ ಹೇಳಿ, ಗೇಟಿಗೆ ಅಡ್ಡ ವಾಹನ ನಿಲ್ಲಿಸಲು ಕೇಳಿಕೊಳ್ಳಿ.

ಹೊಸ ಕೀ ಬರಲು ಕೆಲವು ದಿನ ಬೇಕೆಂದು ಷೋರೂಮಿನವರು ಹೇಳಿದ್ದಾರೆ. ಅಲ್ಲಿಯವರೆಗೆ ಕಾರನ್ನು ಹೇಗೆ ಕಾಯುವುದು?

ನಿಜವಾದ ಅಪಾಯವಿರುವುದು ಈ ನಡುವಿನ ದಿನಗಳಲ್ಲಿಯೇ. ಇರುವ ಉಪಾಯಗಳು ಹಲವು, ಆದರೆ ಎಲ್ಲವೂ ಒಂದೇ ಬೆಲೆಯವಲ್ಲ.

ಎಲ್ಲಕ್ಕಿಂತ ಉತ್ತಮವಾದದ್ದು ಕಾರನ್ನು ಆ ಜಾಗದಿಂದಲೇ ಸರಿಸುವುದು. ಸರ್ವಿಸ್ ಸೆಂಟರ್‌ನವರು ತಮ್ಮ ಆವರಣದಲ್ಲಿ ಇಟ್ಟುಕೊಳ್ಳಲು ಒಪ್ಪಿದರೆ ಅಲ್ಲಿಯೇ ಬಿಟ್ಟು, ಬಿಟ್ಟಿದ್ದಕ್ಕೆ ಜಾಬ್ ಕಾರ್ಡ್ (ವಾಹನ ಮತ್ತು ಮಾಡಬೇಕಾದ ಕೆಲಸದ ವಿವರವಿರುವ ಚೀಟಿ) ಬರೆಸಿಕೊಳ್ಳಿ. ನೆಂಟರ ಮನೆಯಲ್ಲಿ ಬಿಡುವುದಾದರೆ ಬೇರೆ ಬಡಾವಣೆಯಲ್ಲಿ, ಬೀಗ ಹಾಕುವ ಗೇಟಿನೊಳಗೆ ಬಿಡಿ. ಪಕ್ಕದ ಬೀದಿಯಲ್ಲಿ ಮರೆಮಾಡಿ ನಿಲ್ಲಿಸುವುದರಿಂದ ಪ್ರಯೋಜನವಿಲ್ಲ. ರಿಮೋಟ್ ಕೀ ಕೈಯಲ್ಲಿರುವವನು ಬೀದಿಯಲ್ಲಿ ಗುಂಡಿ ಒತ್ತುತ್ತಾ ನಡೆದರೆ ಕಾರು ತಾನೇ ಇಂಡಿಕೇಟರ್ ಮಿನುಗಿಸಿ ಎಲ್ಲಿದ್ದೇನೆಂದು ತಿಳಿಸುತ್ತದೆ.

ಕಾರು ಮನೆಯಲ್ಲೇ ಇರಬೇಕಾದರೆ ಸ್ಟೇರಿಂಗ್‌ಗೆ ಹಾಕುವ ಕಬ್ಬಿಣದ ಲಾಕ್ ಅಥವಾ ಗೇರ್ ಲಾಕ್ ಕೊಳ್ಳಿ. ಅವುಗಳಿಗೆ ಬೇರೆಯೇ ಕೀ ಇರುವುದರಿಂದ ಕದ್ದ ಕೀ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಬ್ಯಾಟರಿಯ ತಂತಿ ಕಳಚಿಡುವುದನ್ನು ಹಲವರು ಸಲಹೆ ಮಾಡುತ್ತಾರೆ; ಅದು ಇಲ್ಲದಿದ್ದುದಕ್ಕಿಂತ ವಾಸಿ, ಅಷ್ಟೇ. ಬಾನೆಟ್ ತೆಗೆಯುವ ಹಿಡಿ ಇರುವುದು ಕಾರಿನೊಳಗೆ, ಒಳಗೆ ಹೋಗಲು ಕೀ ಅವನಲ್ಲಿದೆ, ಕಳಚಿದ ತಂತಿಯನ್ನು ಮತ್ತೆ ಸಿಕ್ಕಿಸಲು ಹೆಚ್ಚು ಹೊತ್ತು ಬೇಕಾಗಿಲ್ಲ. ಅದರ ಬದಲು ಎಂಜಿನ್‌ಗೆ ಪೆಟ್ರೋಲ್ ಒದಗಿಸುವ ಪಂಪಿನ ಫ್ಯೂಸ್ ಅಥವಾ ರಿಲೇಯನ್ನು ತೆಗೆದು ಮನೆಯೊಳಗೆ ಇಟ್ಟುಕೊಂಡರೆ ಕಾರು ಸ್ಟಾರ್ಟ್ ಆಗುವುದಿಲ್ಲ. ಕಾರಣವೇನೆಂದು ಕತ್ತಲಲ್ಲಿ ಹುಡುಕುವ ತಾಳ್ಮೆ ಕಳ್ಳನಿಗಿರುವುದಿಲ್ಲ. ಯಾವ ಫ್ಯೂಸ್ ಎಲ್ಲಿದೆ ಎಂಬುದು ಕಾರಿನ ಕೈಪಿಡಿಯಲ್ಲಿಯೂ ಫ್ಯೂಸ್ ಪೆಟ್ಟಿಗೆಯ ಮುಚ್ಚಳದ ಒಳಮೈಯಲ್ಲಿಯೂ ಮುದ್ರಿತವಾಗಿರುತ್ತದೆ. ಅರ್ಥವಾಗದಿದ್ದರೆ ಪರಿಚಯದ ವಾಹನ ಎಲೆಕ್ಟ್ರಿಷಿಯನ್‌ರಿಂದ ಮಾಡಿಸಿ. ಊಹೆಯ ಮೇಲೆ ಯಾವುದೋ ಫ್ಯೂಸ್ ಕೀಳುವುದು ಬೇಡ. ಗುಟ್ಟಾಗಿ ಕಟ್-ಆಫ್ ಸ್ವಿಚ್ ಹಾಕಿಸುವ ಆಲೋಚನೆಯಿದ್ದರೆ, ವಾರಂಟಿ ಅವಧಿಯಲ್ಲಿರುವ ಕಾರಿನ ವೈರಿಂಗ್ ಕತ್ತರಿಸುವ ಮೊದಲು ಕಂಪನಿಯ ಸರ್ವಿಸ್ ಸೆಂಟರ್‌ನಲ್ಲಿ ವಿಚಾರಿಸಿ.

ಮೊಬೈಲ್ ಆ್ಯಪ್‌ಗೆ ಜೋಡಿಸಿದ ಹೊಸ ಕಾರುಗಳಲ್ಲಿ, ಉದಾಹರಣೆಗೆ ಹ್ಯುಂಡೈನ ಬ್ಲೂಲಿಂಕ್ ಇರುವ ಮಾದರಿಗಳಲ್ಲಿ, ಕಾರು ಎಲ್ಲಿದೆ ಎಂಬುದನ್ನು ನೋಡುವ ಮತ್ತು ಕಳುವಾದ ಕಾರು ಮತ್ತೆ ಸ್ಟಾರ್ಟ್ ಆಗದಂತೆ ಕಂಪನಿಯ ಕಾಲ್ ಸೆಂಟರ್ ಮೂಲಕ ತಡೆಯುವ ಸೌಲಭ್ಯವಿದೆ. ಚಂದಾ ಮುಗಿದಿದ್ದರೆ ಇಂದೇ ನವೀಕರಿಸಿ. ಮಲೆನಾಡಿನ ಕಣಿವೆಗಳಲ್ಲಿ ನೆಟ್‌ವರ್ಕ್ ಸಿಗದ ಕಡೆ ಇದನ್ನೊಂದನ್ನೇ ನೆಚ್ಚಿಕೊಂಡಿರುವಂತಿಲ್ಲ.

ಕಳುವಾದ ಕೀಯನ್ನು ಕೆಲಸ ಮಾಡದಂತೆ ಮಾಡಲು ಸಾಧ್ಯವೇ?

ಸಾಧ್ಯ, ಆದರೆ ಅರ್ಧ ಮಾತ್ರ. ಇದನ್ನು ಸ್ವಲ್ಪ ವಿವರವಾಗಿ ತಿಳಿದುಕೊಳ್ಳುವುದು ಒಳಿತು.

ಈಗಿನ ಕಾರುಗಳ ಕೀಯ ತಲೆಯೊಳಗೆ ಬ್ಯಾಟರಿಯ ಅಗತ್ಯವಿಲ್ಲದ ಪುಟ್ಟ ಚಿಪ್ ಒಂದಿರುತ್ತದೆ. ಕೀ ತಿರುಗಿಸಿದಾಗ ಸ್ಟೇರಿಂಗ್ ಬಳಿಯ ಸುರುಳಿ ಆ ಚಿಪ್‌ನ ಗುರುತನ್ನು ಓದಿ ಕಾರಿನ ಕಂಪ್ಯೂಟರಿಗೆ ಕಳುಹಿಸುತ್ತದೆ. ಗುರುತು ತನ್ನ ನೆನಪಿನಲ್ಲಿರುವ ಪಟ್ಟಿಯಲ್ಲಿ ಇದ್ದರೆ ಮಾತ್ರ ಕಂಪ್ಯೂಟರ್ ಎಂಜಿನ್ ಚಾಲನೆಗೆ ಬಿಡುತ್ತದೆ. ಈ ವ್ಯವಸ್ಥೆಗೆ ಇಮ್ಮೊಬಿಲೈಸರ್ ಎಂದು ಹೆಸರು. ಮಾರುತಿ ಕಂಪನಿ ತನ್ನ ವ್ಯವಸ್ಥೆಯನ್ನು ಐಕ್ಯಾಟ್ಸ್ ಎಂದು ಕರೆಯುತ್ತದೆ. ನಿಮ್ಮ ಕಾರಿನಲ್ಲಿ ಇದು ಇದೆಯೇ ಎಂದು ತಿಳಿಯಲು ಇಗ್ನಿಷನ್ ಆನ್ ಮಾಡಿ ಮೀಟರ್ ಫಲಕವನ್ನು ನೋಡಿ: ಕೀಯ ಅಥವಾ ಕೀ ಸಹಿತ ಕಾರಿನ ಚಿತ್ರವಿರುವ ಸಣ್ಣ ದೀಪ ಒಂದೆರಡು ಸೆಕೆಂಡು ಹೊತ್ತಿ ಆರುತ್ತದೆ.

ಸರ್ವಿಸ್ ಸೆಂಟರ್‌ನಲ್ಲಿ ಸ್ಕ್ಯಾನರ್ ಜೋಡಿಸಿ ಕಳುವಾದ ಕೀಯ ಗುರುತನ್ನು ಆ ಪಟ್ಟಿಯಿಂದ ಅಳಿಸಬಹುದು. ಎಟಿಎಂ ಕಾರ್ಡನ್ನು ಬ್ಲಾಕ್ ಮಾಡಿಸಿದಂತೆಯೇ ಇದು. ಕಾರ್ಡು ಕಳ್ಳನ ಬಳಿಯೇ ಇರುತ್ತದೆ, ಹಣ ಬರುವುದಿಲ್ಲ. ಹೊಸ ಕೀ ಬರುವುದು ತಡವಾದರೂ ಅಳಿಸುವ ಕೆಲಸವನ್ನು ಉಳಿದಿರುವ ಕೀ ಒಯ್ದು ಮೊದಲೇ ಮಾಡಿಸಬಹುದೇ ಎಂದು ಕೇಳಿ. ಹೊಸ ಕೀ ಬರಲಿ, ಎರಡೂ ಒಟ್ಟಿಗೆ ಆಗಲಿ ಎಂದು ಕಾಯುವುದು ನಮ್ಮಲ್ಲಿರುವ ದೊಡ್ಡ ತಪ್ಪು ಅಭ್ಯಾಸ.

ಆದರೆ ಅಳಿಸಿದ ಮೇಲೂ ಆ ಕೀಯ ಲೋಹದ ಅಲಗು ಹಾಗೆಯೇ ಉಳಿದಿರುತ್ತದೆ. ಅದು ಬಾಗಿಲನ್ನು ತೆಗೆಯುತ್ತದೆ, ಹಲವು ಕಾರುಗಳಲ್ಲಿ ಸ್ಟೇರಿಂಗ್ ಲಾಕನ್ನೂ ಬಿಡಿಸುತ್ತದೆ. ಎಂಜಿನ್ ಮಾತ್ರ ಚಾಲನೆಗೊಳ್ಳುವುದಿಲ್ಲ. ಅಂದರೆ ಒಳಗಿನ ಸ್ಟೀರಿಯೋ, ಚೀಲ, ಕಾಗದಪತ್ರಗಳಿಗೆ ಅಪಾಯ ತಪ್ಪಿಲ್ಲ, ಕಾರನ್ನು ಎಳೆದುಕೊಂಡು ಹೋಗುವ ಸಾಧ್ಯತೆಯೂ ಇದ್ದೇ ಇದೆ. ಅದನ್ನೂ ತಪ್ಪಿಸಬೇಕಾದರೆ ಬಾಗಿಲು, ಡಿಕ್ಕಿ, ಇಗ್ನಿಷನ್ ಸೇರಿದ ಲಾಕ್ ಸೆಟ್ಟನ್ನೇ ಬದಲಾಯಿಸಬೇಕು. ಇದು ದುಬಾರಿ. ಬೀಗ ಹಾಕುವ ಗೇಟಿನೊಳಗೆ ಕಾರು ನಿಲ್ಲಿಸುವವರಿಗೆ ಗುರುತು ಅಳಿಸಿ ಸ್ಟೇರಿಂಗ್ ಲಾಕ್ ಹಾಕಿದರೆ ಸಾಕೆಂದೂ, ರಾತ್ರಿ ರಸ್ತೆಬದಿ ನಿಲ್ಲಿಸುವವರು ಲಾಕ್ ಸೆಟ್ ಬದಲಾಯಿಸುವುದೇ ಸರಿಯೆಂದೂ ನಮ್ಮ ಅಭಿಪ್ರಾಯ.

ಸರ್ವಿಸ್ ಸೆಂಟರ್‌ಗೆ ಏನೇನು ಒಯ್ಯಬೇಕು?

ಆರ್‌ಸಿ, ಮಾಲೀಕರ ಗುರುತಿನ ಚೀಟಿ, ಎಫ್‌ಐಆರ್ ಪ್ರತಿ ಮತ್ತು ಮನೆಯಲ್ಲಿ ಉಳಿದಿರುವ ಎಲ್ಲ ಕೀಗಳು. ಕೊನೆಯದು ಮುಖ್ಯ. ಹಲವು ಮಾದರಿಗಳಲ್ಲಿ ಹಳೆಯ ಗುರುತುಗಳನ್ನೆಲ್ಲ ಒಮ್ಮೆಗೇ ಅಳಿಸಿ, ಆ ಹೊತ್ತಿಗೆ ಎದುರಿಗಿರುವ ಕೀಗಳನ್ನು ಮಾತ್ರ ಹೊಸದಾಗಿ ಸೇರಿಸುತ್ತಾರೆ. ಮಗಳ ಮನೆಯಲ್ಲೊಂದು ಕೀ ಇದ್ದರೆ ಅದನ್ನೂ ತರಿಸಿಕೊಳ್ಳಿ, ಇಲ್ಲವಾದರೆ ಅದೂ ನಿಷ್ಕ್ರಿಯವಾಗುತ್ತದೆ.

ಕಾರು ಕೊಂಡಾಗ ಕೀ ಜೊತೆ ತಂತಿಯಲ್ಲಿ ಕಟ್ಟಿ ಕೊಟ್ಟಿದ್ದ, ಅಂಕಿ ಒತ್ತಿದ ಸಣ್ಣ ಬಿಲ್ಲೆ ನೆನಪಿದೆಯೇ? ಅದು ಕೀ ನಂಬರ್. ಅದಿದ್ದರೆ ಹೊಸ ಅಲಗನ್ನು ಕತ್ತರಿಸುವುದು ಸುಲಭವಾಗುತ್ತದೆ. ಹಲವರು ಅದನ್ನು ಕಾರಿನ ಡ್ಯಾಶ್‌ಬೋರ್ಡಿನಲ್ಲಿಯೋ ಅದೇ ಕೀ ಬಂಚಿನಲ್ಲಿಯೋ ಬಿಟ್ಟಿರುತ್ತಾರೆ. ಬಿಲ್ಲೆಯೂ ಕಳುವಾಗಿದ್ದರೆ ಆ ವಿಷಯವನ್ನು ದೂರಿನಲ್ಲೂ ಸೇರಿಸಿ, ಸರ್ವಿಸ್ ಸೆಂಟರ್‌ನವರಿಗೂ ತಿಳಿಸಿ.

ಕೆಲಸ ಮುಗಿದ ಮೇಲೆ ಜಾಬ್ ಕಾರ್ಡಿನಲ್ಲಿಯೋ ಬಿಲ್ಲಿನಲ್ಲಿಯೋ ‘ಹಳೆಯ ಕೀಯ ಗುರುತು ಅಳಿಸಲಾಗಿದೆ, ಈಗ ಇಷ್ಟು ಕೀಗಳು ನೋಂದಣಿಯಲ್ಲಿವೆ’ ಎಂದು ಬರೆಸಿಕೊಳ್ಳದೆ ಬರಬೇಡಿ. ಸಾದಾ ಚಿಪ್ ಕೀಗೆ ಕೆಲವು ಸಾವಿರ ರೂಪಾಯಿಯಾದರೆ, ಗುಂಡಿ ಒತ್ತಿ ಸ್ಟಾರ್ಟ್ ಮಾಡುವ ಕಾರಿನ ಸ್ಮಾರ್ಟ್ ಕೀ ಹತ್ತು ಸಾವಿರ ದಾಟುವುದೂ ಉಂಟು.

ಹಾಸನದಲ್ಲಿ ಹೆಚ್ಚಿನ ಷೋರೂಮುಗಳು ಬಿ.ಎಂ. ರಸ್ತೆಯಲ್ಲೇ ಸಿಗುತ್ತವೆ. ಎಲ್ಲ ಕೀಗಳೂ ಹೋಗಿದ್ದು ಕಾರನ್ನು ಓಡಿಸಿಕೊಂಡು ಹೋಗಲಾಗದಿದ್ದರೆ, ಪಾಲಿಸಿಯ ಜೊತೆ ಬಂದಿರುವ ರೋಡ್‌ಸೈಡ್ ಅಸಿಸ್ಟೆನ್ಸ್‌ಗೆ ಕರೆ ಮಾಡಿ ಟೋಯಿಂಗ್ ವಾಹನ ತರಿಸಿಕೊಳ್ಳಿ. ಐಷಾರಾಮಿ ಕಾರುಗಳನ್ನು ಮೈಸೂರು, ಮಂಗಳೂರು ಅಥವಾ ಬೆಂಗಳೂರಿಗೇ ಸಾಗಿಸಬೇಕಾಗಬಹುದು.

ಪೇಟೆಯಲ್ಲಿ ಕೀ ಮಾಡುವವರು ಅರ್ಧ ಬೆಲೆಗೆ ಮಾಡಿಕೊಡುತ್ತಾರಂತೆ. ಮಾಡಿಸಬಹುದೇ?

ಸ್ಪೇರ್ ಕೀ ಒಂದು ಬೇಕೆನ್ನುವಾಗ ಅವರ ಕೆಲಸವನ್ನು ಹಗುರವಾಗಿ ಕಾಣಬೇಕಾಗಿಲ್ಲ; ಒಳ್ಳೆಯ ಕೈಚಳಕದವರಿದ್ದಾರೆ. ಆದರೆ ಕಳವಿನ ನಂತರದ ಸ್ಥಿತಿ ಬೇರೆ. ಅವರಲ್ಲಿ ಕೆಲವರು ಮಾಡುವುದು ನಿಮ್ಮ ಬಳಿಯಿರುವ ಕೀಯ ಚಿಪ್‌ನ ನಕಲನ್ನು. ನಕಲು ಕೀಗೆ ಸ್ವಂತ ಗುರುತಿರುವುದಿಲ್ಲ, ಮೂಲ ಕೀಯ ಗುರುತೇ ಇರುತ್ತದೆ, ಮತ್ತು ಕಳ್ಳನ ಬಳಿಯಿರುವ ಕೀ ಪಟ್ಟಿಯಿಂದ ಹೊರಹೋಗಿರುವುದಿಲ್ಲ. ಕೈಗೆ ಹೊಸ ಕೀ ಬಂದರೂ ಕಾರು ಮೊದಲಿನಷ್ಟೇ ಅಪಾಯದಲ್ಲಿರುತ್ತದೆ. ‘ಹಳೆಯದನ್ನು ಡಿಲೀಟ್ ಮಾಡುತ್ತೀರಾ? ಬಿಲ್ಲು ಕೊಡುತ್ತೀರಾ?’ ಎಂದು ಕೇಳಿ. ಎರಡಕ್ಕೂ ಹೌದೆಂಬ ಉತ್ತರ ಬಂದರೆ ಯೋಚಿಸಬಹುದು.

ನಮ್ಮದು ಹಳೆಯ ಜೀಪು. ಟ್ರಾಕ್ಟರ್ ಮತ್ತು ಬೈಕಿನ ಕೀಗಳೂ ಹೋಗಿವೆ. ಇವುಗಳಿಗೆ ಏನು ಮಾಡುವುದು?

ಚಿಪ್ ಇಲ್ಲದ ಹಳೆಯ ಜೀಪು, ಅಂಬಾಸಿಡರ್, ಓಮ್ನಿಯಂಥ ವಾಹನಗಳಲ್ಲಿ ಅಳಿಸಲು ಏನೂ ಇಲ್ಲ. ಇಗ್ನಿಷನ್ ಸ್ವಿಚ್ ಮತ್ತು ಬಾಗಿಲ ಲಾಕ್‌ಗಳನ್ನು ಬದಲಾಯಿಸುವುದೊಂದೇ ದಾರಿ. ಬಿಡಿಭಾಗ ಸುಲಭವಾಗಿ ಸಿಗುವುದರಿಂದ ಖರ್ಚೂ ಕಡಿಮೆ. ಚಿಪ್ ಇಲ್ಲದ ಬೈಕು, ಸ್ಕೂಟರಿಗೂ ಪೂರ್ತಿ ಲಾಕ್ ಸೆಟ್ ಸಿಗುತ್ತದೆ.

ಟ್ರಾಕ್ಟರಿನ ವಿಷಯದಲ್ಲಿ ಒಂದು ಮಾತು. ಒಂದೇ ಮಾದರಿಯ ಟ್ರಾಕ್ಟರುಗಳ ಕೀ ಒಂದಕ್ಕೊಂದು ಹೊಂದುವುದು ರೈತರಿಗೆ ಹೊಸ ಸಂಗತಿಯಲ್ಲ. ಹೀಗಿರುವಾಗ ಕೀ ಕಳುವಾಗುವ ಮೊದಲೂ ಅದರ ಬೀಗ ಹೆಸರಿಗಷ್ಟೇ ಇತ್ತು. ಚಕ್ರಕ್ಕೂ ಶೆಡ್ಡಿನ ಕಂಬಕ್ಕೂ ಸೇರಿಸಿ ಸರಪಳಿ ಬಿಗಿದು ಒಳ್ಳೆಯ ಬೀಗ ಹಾಕುವುದು, ಬ್ಯಾಟರಿಗೆ ಕಟ್-ಆಫ್ ಸ್ವಿಚ್ ಹಾಕಿಸುವುದು ಇಲ್ಲಿ ಹೆಚ್ಚು ಪ್ರಯೋಜನಕರ.

ಹೊಸ ಕೀಯ ಖರ್ಚನ್ನು ವಿಮೆ ಕಂಪನಿ ಕೊಡುತ್ತದೆಯೇ?

ಪಾಲಿಸಿಯಲ್ಲಿ ‘ಕೀ ರಿಪ್ಲೇಸ್‌ಮೆಂಟ್’ ಅಥವಾ ‘ಕೀ ಪ್ರೊಟೆಕ್ಟ್’ ಎಂಬ ಹೆಚ್ಚುವರಿ ರಕ್ಷಣೆ ಇದ್ದರೆ ಕೊಡುತ್ತದೆ. ಎಫ್‌ಐಆರ್ ಮತ್ತು ಬಿಲ್ಲು ಬೇಕು, ಮೊತ್ತಕ್ಕೆ ಮಿತಿಯಿರುತ್ತದೆ. ಥರ್ಡ್ ಪಾರ್ಟಿ ವಿಮೆ ಮಾತ್ರ ಇದ್ದರೆ ಕೀ ಇರಲಿ, ಕಾರೇ ಹೋದರೂ ಏನೂ ಬರುವುದಿಲ್ಲ. ಮನೆಗೆ ಪ್ರತ್ಯೇಕ ಕಳವು ವಿಮೆ ಮಾಡಿಸಿದ್ದರೆ ಅದರಲ್ಲಿ ಕೀ ಮತ್ತು ಬೀಗ ಬದಲಾವಣೆಯ ಖರ್ಚು ಸೇರಿದೆಯೇ ಎಂದು ನೋಡಿ.

ಕೀ ಖರ್ಚನ್ನು ಕ್ಲೈಮ್ ಮಾಡುವ ಉದ್ದೇಶವಿಲ್ಲ. ಆದರೂ ವಿಮೆ ಕಂಪನಿಗೆ ತಿಳಿಸಬೇಕೆ?

ತಿಳಿಸಬೇಕು, ಅದೂ ಲಿಖಿತವಾಗಿ. ವಾಹನವನ್ನು ನಷ್ಟದಿಂದ ಕಾಪಾಡಲು ಮಾಲೀಕರು ಯುಕ್ತವಾದ ಎಲ್ಲ ಕ್ರಮಗಳನ್ನೂ ಕೈಗೊಳ್ಳಬೇಕೆಂಬ ಷರತ್ತು ನಮ್ಮ ದೇಶದ ಮೋಟಾರು ಪಾಲಿಸಿಗಳಲ್ಲಿದೆ. ಮುಂದೆ ಯಾವಾಗಲಾದರೂ ಕಾರು ಕಳುವಾದರೆ ವಿಮೆ ಕಂಪನಿ ಕೇಳುವ ಮೊದಲ ವಸ್ತುಗಳಲ್ಲಿ ಎರಡು ಅಸಲಿ ಕೀಗಳೂ ಸೇರಿವೆ. ಒಂದೇ ಕೊಟ್ಟರೆ ಇನ್ನೊಂದು ಎಲ್ಲಿ, ಕಾರಿನಲ್ಲೇ ಬಿಟ್ಟಿದ್ದಿರೇ ಎಂಬ ಪ್ರಶ್ನೆ ಏಳುತ್ತದೆ. ಆ ದಿನ ನಿಮ್ಮ ಪರವಾಗಿ ಮಾತಾಡುವುದು ಎಫ್‌ಐಆರ್‌ನಲ್ಲಿರುವ ಆ ಸಾಲು, ಜಾಬ್ ಕಾರ್ಡ್ ಮತ್ತು ಕಂಪನಿಗೆ ಕಳುಹಿಸಿದ ಇಮೇಲ್. ಏಜೆಂಟರಿಗೆ ಫೋನಿನಲ್ಲಿ ಹೇಳಿದ್ದೇವೆ ಎಂಬುದು ಪುರಾವೆಯಾಗುವುದಿಲ್ಲ.

ಕೀ ಜೊತೆಗೆ ಕಾರೂ ಹೋಗಿದೆ. ಆಗ?

ತಕ್ಷಣ 112. ನೋಂದಣಿ ಸಂಖ್ಯೆ, ಬಣ್ಣ, ಗಾಜಿನ ಮೇಲಿನ ಸ್ಟಿಕ್ಕರ್, ಬಂಪರಿನ ಉಜ್ಜು ಗೀರು ಇಂಥ ಗುರುತುಗಳನ್ನು ಹೇಳಿ. ಹಾಸನದಿಂದ ಹೊರಡುವ ದಾರಿಗಳು ಹಲವು: ಒಂದು ಕಡೆ ಚನ್ನರಾಯಪಟ್ಟಣದ ಮೂಲಕ ಬೆಂಗಳೂರು, ಇನ್ನೊಂದು ಕಡೆ ಶಿರಾಡಿ ಘಾಟಿ ಇಳಿದು ಮಂಗಳೂರು, ಬೇಲೂರು ದಾಟಿದರೆ ಚಿಕ್ಕಮಗಳೂರು, ಹೊಳೆನರಸೀಪುರದ ಕಡೆ ತಿರುಗಿದರೆ ಮೈಸೂರು. ಮೊದಲ ಒಂದೆರಡು ಗಂಟೆಯಲ್ಲಿ ಸುದ್ದಿ ಮುಟ್ಟಿದರೆ ಮಾತ್ರ ನಾಕಾಬಂದಿಗೆ ಅರ್ಥವಿರುತ್ತದೆ.

ಫಾಸ್ಟ್‌ಟ್ಯಾಗನ್ನು ಗಾಬರಿಯಲ್ಲಿ ಬ್ಲಾಕ್ ಮಾಡಿಸುವ ಮೊದಲು ಪೊಲೀಸರನ್ನು ಕೇಳಿ. ಬೆಂಗಳೂರು ದಾರಿ ಹಿಡಿದಿದ್ದರೆ ಶಾಂತಿಗ್ರಾಮದ ಟೋಲ್ ದಾಟಿದಾಗ ನಿಮ್ಮ ಮೊಬೈಲಿಗೆ ಹಣ ಕಡಿತದ ಸಂದೇಶ ಬರುತ್ತದೆ. ಕಾರು ಯಾವ ದಿಕ್ಕಿಗೆ, ಎಷ್ಟು ಗಂಟೆಗೆ ಹೋಯಿತೆಂಬುದಕ್ಕೆ ಅದಕ್ಕಿಂತ ಸ್ಪಷ್ಟ ಸುಳಿವು ಬೇರೊಂದಿಲ್ಲ. ಸಂದೇಶವನ್ನು ಅಳಿಸದೆ ಠಾಣೆಗೆ ತೋರಿಸಿ. ಆಮೇಲೆ ಟ್ಯಾಗ್ ಕೊಟ್ಟ ಬ್ಯಾಂಕಿಗೆ ಹೇಳಿ ನಿಲ್ಲಿಸಿ. ಹೆದ್ದಾರಿ ಪ್ರಾಧಿಕಾರದ ಸಹಾಯವಾಣಿ 1033.

ವಿಮೆ ಕಂಪನಿಗೆ ಅದೇ ದಿನ ತಿಳಿಸಿ. ಎಫ್‌ಐಆರ್ ಕೂಡಲೇ ದಾಖಲಾಗಿದ್ದು, ಕ್ಲೈಮ್ ನಿಜವಾದದ್ದಾಗಿದ್ದರೆ, ಕಂಪನಿಗೆ ತಿಳಿಸುವುದು ತಡವಾಯಿತೆಂಬ ಒಂದೇ ಕಾರಣಕ್ಕೆ ಕ್ಲೈಮ್ ನಿರಾಕರಿಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲಿ ಗುರ್ಷಿಂದರ್ ಸಿಂಗ್ ಪ್ರಕರಣದಲ್ಲಿ ತೀರ್ಪು ನೀಡಿದೆ. ಹಾಗೆಂದು ತಡಮಾಡಿ ಆಮೇಲೆ ತೀರ್ಪು ಹಿಡಿದು ಅಲೆಯುವುದೇಕೆ? ಕಾರು ಪತ್ತೆಯಾಗದಿದ್ದರೆ ಪೊಲೀಸರು ನ್ಯಾಯಾಲಯಕ್ಕೆ ಸಲ್ಲಿಸುವ, ರೂಢಿಯಲ್ಲಿ ‘ಸಿ ರಿಪೋರ್ಟ್’ ಎನ್ನುವ ವರದಿಯನ್ನು ವಿಮೆ ಕಂಪನಿ ಕೇಳುತ್ತದೆ. ಪರಿಹಾರ ಸಿಗುವುದು ಪಾಲಿಸಿಯಲ್ಲಿ ನಮೂದಾದ ಐಡಿವಿ (ವಾಹನದ ಘೋಷಿತ ವಿಮಾ ಮೌಲ್ಯ) ಮೊತ್ತದ ಲೆಕ್ಕದಲ್ಲಿ. ಸಾಲ ಬಾಕಿಯಿದ್ದರೆ ಪರಿಹಾರದ ಹಣ ಮೊದಲು ಬ್ಯಾಂಕಿಗೆ ಹೋಗುತ್ತದೆ. ಕ್ಲೈಮ್ ನಿರಾಕರಿಸಿದರೆ ಮೊದಲು ಕಂಪನಿಗೇ ಲಿಖಿತ ದೂರು ಕೊಟ್ಟು, ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು. ಜಿಲ್ಲಾ ಗ್ರಾಹಕ ಆಯೋಗದ ದಾರಿಯೂ ಇದೆ.

ಆರ್‌ಸಿ, ವಿಮೆ ಪತ್ರಗಳೂ ಹೋಗಿದ್ದರೆ?

ವಾಹನ ಓಡಿಸಲು ಡಿಜಿಲಾಕರ್ ಅಥವಾ ಎಂ-ಪರಿವಾಹನ್ ಆ್ಯಪ್‌ನಲ್ಲಿರುವ ಆರ್‌ಸಿ ಸಾಕು. ನಕಲು ಆರ್‌ಸಿಗೆ ಎಫ್‌ಐಆರ್ ಪ್ರತಿಯೊಂದಿಗೆ ನಮೂನೆ 26ರಲ್ಲಿ ಅರ್ಜಿ ಹಾಕಬೇಕು. ಇಲ್ಲಿ ಇನ್ನೊಂದು ಅಪಾಯವಿದೆ. ಸೆಕೆಂಡ್ ಹ್ಯಾಂಡ್ ಕಾರು ಕೊಂಡ ಕೆಲವರು ಹಿಂದಿನ ಮಾಲೀಕರು ಸಹಿ ಹಾಕಿ ಕೊಟ್ಟ ನಮೂನೆ 29 ಮತ್ತು 30ನ್ನು, ಹೆಸರು ವರ್ಗಾಯಿಸಿಕೊಳ್ಳದೆ, ಕಾರಿನಲ್ಲಿಯೇ ವರ್ಷಗಟ್ಟಲೆ ಇಟ್ಟುಕೊಂಡಿರುತ್ತಾರೆ. ಕೀ, ಆರ್‌ಸಿ ಮತ್ತು ಸಹಿಯಾದ ನಮೂನೆಗಳು ಒಟ್ಟಿಗೆ ಹೋದರೆ ಕಾರನ್ನು ಮಾರುವುದಕ್ಕೆ ಬೇಕಾದ ಕಾಗದಗಳೆಲ್ಲ ಹೋದಂತೆಯೇ. ಅಂಥದ್ದು ನಡೆದಿದ್ದರೆ ನೋಂದಣಿಯಾದ ಆರ್‌ಟಿಒ ಕಚೇರಿಗೆ ಎಫ್‌ಐಆರ್ ಲಗತ್ತಿಸಿ ಪತ್ರ ಕೊಟ್ಟು, ವರ್ಗಾವಣೆ ಅರ್ಜಿ ಬಂದರೆ ತಡೆಯುವಂತೆ ಕೋರಿ, ಸ್ವೀಕೃತಿ ಪಡೆದುಕೊಳ್ಳಿ.

ಅದೇ ಬಂಚಿನಲ್ಲಿ ಮನೆಯ, ಅಂಗಡಿಯ, ಬ್ಯಾಂಕ್ ಲಾಕರಿನ ಕೀಗಳೂ ಇದ್ದವು.

ಮನೆಯ ಮುಂಬಾಗಿಲ ಬೀಗವನ್ನು ಅದೇ ದಿನ ಸಂಜೆಯೊಳಗೆ ಬದಲಾಯಿಸಿ. ಲಾಕರ್ ಕೀ ಹೋಗಿದ್ದರೆ ಬ್ಯಾಂಕಿಗೆ ಲಿಖಿತವಾಗಿ ತಿಳಿಸಿ. ಬೀಗ ಬದಲಿಸುವ ಖರ್ಚು ಗ್ರಾಹಕರದೇ. ತೋಟದ ಗೇಟು, ಗೋದಾಮು, ಪಂಪ್‌ಹೌಸ್ ಬೀಗಗಳನ್ನು ಮರೆಯಬೇಡಿ.

ಮುಂದೆ ಕೀಗಳನ್ನು ಎಲ್ಲಿಡುವುದು ಸರಿ?

ಹಾಲ್‌ನಲ್ಲಿ, ಬಾಗಿಲು ತೆಗೆದ ಕೂಡಲೇ ಕಣ್ಣಿಗೆ ಬೀಳುವ ಕೀ ಸ್ಟ್ಯಾಂಡ್ ಮಾತ್ರ ಬೇಡ. ಪ್ರತಿ ಕೀಗೂ ವಾಹನದ ನಂಬರಿನ ಚೀಟಿ ಅಂಟಿಸಿ ಇಡುವ ಅಚ್ಚುಕಟ್ಟಂತೂ ಬೇಡವೇ ಬೇಡ. ದಿನಬಳಕೆಯ ಕೀಯನ್ನು ಮಲಗುವ ಕೋಣೆಯಲ್ಲಿ ಇಟ್ಟುಕೊಳ್ಳಿ. ಊರಿಗೆ ಹೋಗುವಾಗ ಸ್ಪೇರ್ ಕೀಯನ್ನು ಖಾಲಿ ಮನೆಯಲ್ಲಿ ಬಿಡದೆ ನೆಂಟರ ಬಳಿ ಕೊಟ್ಟು ಹೋಗಿ. ಬೀರು ಸುರಕ್ಷಿತ ಜಾಗವಲ್ಲ, ಕಳ್ಳ ಮೊದಲು ಒಡೆಯುವುದೇ ಅದನ್ನು.

ಕಳ್ಳ ಸಿಕ್ಕಿಬಿದ್ದು, ನಮ್ಮ ಕೀ ಅವನ ಬಳಿ ದೊರೆತಿದೆಯೆಂದು ಪೊಲೀಸರು ತಿಳಿಸಿದ್ದಾರೆ. ಕೀ ಯಾವಾಗ ಕೈಗೆ ಬರುತ್ತದೆ?

ಅದು ಪ್ರಕರಣದಲ್ಲಿ ಜಪ್ತಿಯಾದ ಸ್ವತ್ತು. ನಾಗರಿಕ ಸುರಕ್ಷಾ ಸಂಹಿತೆಯ 497 ಮತ್ತು 503ನೆಯ ಕಲಮಿನಡಿ ನ್ಯಾಯಾಲಯಕ್ಕೆ ಅರ್ಜಿ ಹಾಕಿ ತಾತ್ಕಾಲಿಕವಾಗಿ ಸುಪರ್ದಿಗೆ ಪಡೆಯಬಹುದು. ಒಡವೆಗಳಿಗೆ ಅರ್ಜಿ ಹಾಕುವಾಗಲೇ ಕೀಯನ್ನೂ ಸೇರಿಸಿದರೆ ಪ್ರತ್ಯೇಕ ಓಡಾಟ ತಪ್ಪುತ್ತದೆ. ಕೀ ಸಿಕ್ಕಿತೆಂದು ಗುರುತು ಅಳಿಸುವ ಕೆಲಸವನ್ನು ಕೈಬಿಡಬೇಡಿ, ಏಕೆಂದರೆ ಅದು ಕಳ್ಳನ ಬಳಿಯಿದ್ದ ದಿನಗಳಲ್ಲಿ ಎಷ್ಟು ನಕಲಾಗಿದೆಯೋ ಹೇಳುವವರಿಲ್ಲ. ಲಾಕ್ ಸೆಟ್ ಬದಲಾಯಿಸದಿದ್ದರೆ, ಹಿಂತಿರುಗಿ ಬಂದ ಕೀಯನ್ನು ಸರ್ವಿಸ್ ಸೆಂಟರ್‌ನಲ್ಲಿ ಮತ್ತೆ ಪಟ್ಟಿಗೆ ಸೇರಿಸಲಾಗುತ್ತದೆಯೇ ಎಂದು ವಿಚಾರಿಸಿ. ಕೆಲವು ಮಾದರಿಗಳಲ್ಲಿ ಆಗುತ್ತದೆ, ಕೆಲವದರಲ್ಲಿ ಒಮ್ಮೆ ಅಳಿಸಿದ ಕೀ ಬಾಗಿಲು ತೆಗೆಯುವುದಕ್ಕಷ್ಟೇ ಉಳಿಯುತ್ತದೆ.